‘ಮಳೆ ಯಾವಾಗ್ಲೂ ಹೀಗೇ’ ಎನ್ನುವ ಅಪ್ಪನಿಗೆ ಏನು ಬರೆಯಲಿ?

ಪ್ರಶ್ನೆ: ನಾನು ಕಾಸರಗೋಡಿನ ಬದಿಯಡ್ಕ ಕಡೆಯವಳು, ಕನ್ನಡ ಮಾಧ್ಯಮ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಊರಿನ ವಾಚನಾಲಯದಿಂದ ತಿಂಗಳಿಗೊಮ್ಮೆ ನಾಲ್ಕು ಪುಟದ ಪತ್ರಿಕೆ ತರುತ್ತೇವೆ. ಒಂದು ವರ್ಷದಿಂದ ಅದರಲ್ಲಿ ಹವಾಮಾನ ಬದಲಾವಣೆ ಬಗ್ಗೆ ಬರೆಯುತ್ತಿದ್ದೇನೆ. ಧ್ರುವದ ಹಿಮ, ಓಝೋನ್, ಕಾರ್ಬನ್ ಡೈಆಕ್ಸೈಡ್, ವಿಶ್ವಸಂಸ್ಥೆಯ ವರದಿ ಎಲ್ಲ ಬರೆದೆ. ಯಾರೂ ಓದಿದ ಹಾಗೆ ಕಾಣಲಿಲ್ಲ. ಆಮೇಲೆ ಸ್ವಲ್ಪ ಹೆದರಿಸಿ ಬರೆದೆ. ಆಗ ಓದಿದರು. ಆದರೆ ಒಬ್ಬರು, ‘ಹಾಗಾದ್ರೆ ಎಲ್ಲ ಮುಗೀತಲ್ಲ ಟೀಚರ್, ಇನ್ನು ನಾವು ಮಾಡುವುದೇನಿದೆ?’ ಅಂದರು. ಇನ್ನೊಬ್ಬರು ಇದೆಲ್ಲ ಶ್ರೀಮಂತ ದೇಶಗಳ ಹುನ್ನಾರ ಅನ್ನುತ್ತಾರೆ. ಮನೆಯಲ್ಲಿ ಅಪ್ಪನೂ ನಂಬುವುದಿಲ್ಲ. ‘ಮಳೆ ಯಾವಾಗ್ಲೂ ಹೀಗೇ, ಒಂದು ವರ್ಷ ಜಾಸ್ತಿ, ಒಂದು ವರ್ಷ ಕಮ್ಮಿ’ ಅನ್ನುತ್ತಾರೆ. ಅವರು ಅಡಿಕೆ ಕೃಷಿಕರು. 1989ರಿಂದ ಮಳೆ ಬಂದ ದಿನ, ಅಡಿಕೆಗೆ ಮದ್ದು ಬಿಟ್ಟ (ಸಿಂಪಡಿಸಿದ) ದಿನ ಎಲ್ಲವನ್ನೂ ಕ್ಯಾಲೆಂಡರಿನಲ್ಲಿ ಬರೆದಿಡುವವರು. ಅಂಥವರೇ ಹೀಗೆ ಹೇಳಿದರೆ ಹೇಗೆ? ಓದುಗರಿಗೆ ನಾಟುವ ಹಾಗೆ ಬರೆಯುವುದು ಹೇಗೆ? ಹೆದರಿಸುವುದು ತಪ್ಪಾ?

ಉತ್ತರ: ಟೀಚರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೆದರಿಸುವುದು ಸರಿಯೋ ತಪ್ಪೋ ಅಂತ ಕೇಳಿದ್ದೀರಿ. ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಬೇರೆಯೇ ಅಂತ ನನಗನಿಸಿತು. ಇದ್ದದ್ದನ್ನೇ ಬರೆದರೂ ಮನೆಯವರೇ ನಂಬುವುದಿಲ್ಲ, ಹಾಗಾದರೆ ಬರೆದು ಏನು ಪ್ರಯೋಜನ ಎಂಬ ಚಿಂತೆ ಅದು. ಮೂವತ್ತು ವರ್ಷದಿಂದ ಕೃಷಿ ಮತ್ತು ಪರಿಸರದ ಬಗ್ಗೆ ಬರೆಯುತ್ತಿರುವ ನನಗೂ ಅದು ಬಂದುಹೋಗುತ್ತಲೇ ಇರುತ್ತದೆ. ನಿಮ್ಮ ಅಪ್ಪನ ಕ್ಯಾಲೆಂಡರಿನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಇಡೀ ಪತ್ರದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅದೇ.

ಮೊದಲು ಪದದಿಂದ ಶುರು ಮಾಡೋಣ. ನೀವು ಶಾಲೆಯಲ್ಲಿ ಕಲಿಸುವ ಪುಸ್ತಕದಲ್ಲಿ ಹವಾಮಾನ ಬೇರೆ, ವಾಯುಗುಣ ಬೇರೆ. ಇವತ್ತು ಮಳೆ, ನಾಳೆ ಬಿಸಿಲು ಅನ್ನುವುದು ಹವಾಮಾನ. ಒಂದು ಊರಿನ ಮೂವತ್ತು ವರ್ಷದ ಮಳೆ, ಬಿಸಿಲು, ಚಳಿಯ ಒಟ್ಟು ಸ್ವಭಾವ ವಾಯುಗುಣ. ಪತ್ರಿಕೆಗಳಲ್ಲಿ ಬರೆಯುವ ನಾವೆಲ್ಲ ಸೇರಿ ‘ಹವಾಮಾನ ಬದಲಾವಣೆ’ ಅಂತಲೇ ರೂಢಿ ಮಾಡಿಬಿಟ್ಟೆವು. ಅದನ್ನು ಓದಿದ ಕೃಷಿಕರಿಗೆ, ಹವಾಮಾನ ದಿನಾ ಬದಲಾಗುತ್ತದಲ್ಲ, ಅದರಲ್ಲೇನು ವಿಶೇಷ ಅಂತ ಅನಿಸುವುದು ಸಹಜ. ‘ಮಳೆ ಯಾವಾಗ್ಲೂ ಹೀಗೇ’ ಎಂಬ ಮಾತು ಅರ್ಧಕ್ಕರ್ಧ ನಮ್ಮ ಪದದಿಂದಲೇ ಹುಟ್ಟಿದ್ದು. ಮಲಯಾಳದ ‘ಕಾಲಾವಸ್ಥೆ’ಯಲ್ಲೂ ಇದೇ ತೊಡಕು ಇದೆ, ಎರಡಕ್ಕೂ ಅದೊಂದೇ ಪದ. ಕಾಸರಗೋಡಿನ ನಮ್ಮವರು ಸರಕಾರದ ಎಚ್ಚರಿಕೆಯನ್ನು ಮಲಯಾಳದಲ್ಲಿ ಕೇಳುತ್ತಾರೆ, ಪತ್ರಿಕೆಯನ್ನು ಕನ್ನಡದಲ್ಲಿ ಓದುತ್ತಾರೆ, ಮನೆಯಲ್ಲಿ ತುಳುವಿನಲ್ಲೋ ಹವ್ಯಕದಲ್ಲೋ ಮಾತಾಡುತ್ತಾರೆ. ಮೂರು ಕಡೆ ಮೂರು ಪದವಾದರೆ ವಿಷಯ ಎಲ್ಲಿ ನಿಲ್ಲಬೇಕು? ರೂಢಿಯ ಪದ ಬಿಡಬೇಕಾಗಿಲ್ಲ. ಮೊದಲ ಸಲ ಬಂದಾಗ ‘ಅಂದರೆ ಮಳೆಗಾಲದ, ಬೇಸಗೆಯ ಸ್ವಭಾವವೇ ಬದಲಾಗುವುದು’ ಎಂದು ಬಿಡಿಸಿ ಬರೆಯಿರಿ.

ಇನ್ನು, ಮಾಹಿತಿ ಕೊಟ್ಟರೆ ಜನ ತಾವಾಗಿಯೇ ಎಚ್ಚೆತ್ತುಕೊಳ್ಳುತ್ತಾರೆ ಎಂಬ ನಂಬಿಕೆ. ನನಗೂ ಹಾಗೇ ಅನಿಸಿತ್ತು. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳೆಯಲು ಶುರು ಮಾಡಿದಾಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ, ಬಿಸಿಯನ್ನು ಹಿಡಿದಿಡುವ ಕಾರ್ಬನ್ ಡೈಆಕ್ಸೈಡ್ ಸುಮಾರು 315 ಪಾಲು ಇತ್ತು, ಈಗ 420 ದಾಟಿದೆ. ಇದು ನಿಜ, ಮುಖ್ಯವೂ ಹೌದು. ಆದರೆ ಈ ಎರಡು ಅಂಕಿಗಳನ್ನು ಓದಿ ತೋಟಕ್ಕೆ ಹೋದ ಮನುಷ್ಯನಿಗೆ ಅಲ್ಲಿ ಬೇರೆಯಾಗಿ ಏನೂ ಕಾಣುವುದಿಲ್ಲ. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಈ ವಿಷಯದಲ್ಲಿ ನನಗೆ ಬಹಳ ಸಹಾಯ ಮಾಡಿತು. ಭಾಗವಹಿಸಿದವರ ಕೈಗೆ ಐದು ಡಾಲರ್ ಕೊಟ್ಟು, ಆಫ್ರಿಕದ ಹಸಿವಿನ ಬಗ್ಗೆ ಓದಿಸಿ, ದಾನ ಕೇಳಿದರು. ಲಕ್ಷಗಟ್ಟಲೆ ಜನರ ಅಂಕಿ-ಅಂಶ ಓದಿದವರು ಸರಾಸರಿ 1.14 ಡಾಲರ್ ಕೊಟ್ಟರು. ಮಾಲಿ ದೇಶದ ರೊಕಿಯಾ ಎಂಬ ಏಳು ವರ್ಷದ ಒಬ್ಬಳೇ ಹುಡುಗಿಯ ಬಗ್ಗೆ ಓದಿದವರು 2.38 ಕೊಟ್ಟರು. ಎರಡನ್ನೂ ಸೇರಿಸಿ ಕೊಟ್ಟಾಗ ಇನ್ನೂ ಜಾಸ್ತಿ ಬರಬೇಕಿತ್ತು, ಅಲ್ವಾ? 1.43ಕ್ಕೆ ಇಳಿಯಿತು. ಅಂಕಿ ಸೇರಿದ ಕೂಡಲೇ ಹುಡುಗಿಯ ಮುಖ ಮಸುಕಾಯಿತು. ಹಾಗಂತ ಅಂಕಿಗಳನ್ನು ಬಿಡುವುದಲ್ಲ. ಓದುಗ ಒಬ್ಬ ಮನುಷ್ಯನನ್ನೋ ಒಂದು ಬಾವಿಯನ್ನೋ ಕಣ್ಣಿಂದ ನೋಡಿ ಆದ ಮೇಲೆ ಅಂಕಿ ಬರಲಿ.

ಹೆದರಿಸುವ ವಿಷಯಕ್ಕೆ ಬರುತ್ತೇನೆ. ಇದರ ಬೆಲೆ ನಾನು ಕೊಟ್ಟಿದ್ದೇನೆ. ಬಹಳ ವರ್ಷದ ಹಿಂದೆ ಒಂದು ಲೇಖನದಲ್ಲಿ, ನಮ್ಮ ಗುಡ್ಡಗಳ ನೀರು ಹೀಗೇ ಇಳಿದರೆ ಇಪ್ಪತ್ತು ವರ್ಷದಲ್ಲಿ ಅಡಿಕೆ ತೋಟಗಳೇ ಇರುವುದಿಲ್ಲ ಎಂದು ಬರೆದೆ. ತುಂಬಾ ಜನ ಓದಿದರು, ಫೋನ್ ಮಾಡಿದರು. ನನಗೆ ಖುಷಿಯಾಯಿತು. ಮುಂದಿನ ಬೇಸಗೆಯಲ್ಲಿ ಪರಿಚಯದವರ ಮನೆಗೆ ಹೋದೆ. ಗುಡ್ಡದ ಬುಡದಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ, ಅವರ ಅಜ್ಜನ ಕಾಲದ ಸುರಂಗ ಇತ್ತು. ಮುರಕಲ್ಲಿನಲ್ಲಿ ಒಬ್ಬ ಮನುಷ್ಯ ನಿಂತು ಪಿಕ್ಕಾಸು ಬೀಸುವಷ್ಟೇ ಅಗಲ. ಕತ್ತಲೆಯಲ್ಲಿ ಒಳಗೆ ಹೋದರೆ ಗೋಡೆಯಿಂದ ನೀರು ಜಿನುಗುವುದು ಕಿವಿಗೆ ಮೊದಲು ಸಿಗುತ್ತದೆ, ಆಮೇಲೆ ಕಾಲಿಗೆ. ಪಂಪು ಬೇಡ, ಕರೆಂಟು ಬೇಡ. ನೀರು ತಾನಾಗಿ ಹರಿದು ಟ್ಯಾಂಕಿಗೆ ಬೀಳುತ್ತದೆ. ಆ ವರ್ಷ ಅದರ ಬಾಯಲ್ಲಿ ಮಣ್ಣು ಕುಸಿದಿತ್ತು, ಯಾರೂ ತೆಗೆದಿರಲಿಲ್ಲ. ಅಂಗಳದ ಆಚೆ ಹೊಸ ಬೋರ್‌ವೆಲ್. ‘ನಿಮ್ಮ ಲೇಖನ ಓದಿ ಹೆದರಿಕೆ ಆಯ್ತು, ಪಕ್ಕದವರು ತೋಡಿಸುವ ಮೊದಲು ನಾವು ತೋಡಿಸಿದೆವು’ ಅಂದರು. ಅದೇ ಬಯಲಿನಲ್ಲಿ ಇನ್ನೂ ಎರಡು ಮನೆಯವರು ತೋಡಿಸಿದ್ದರು. ನೀರು ಉಳಿಸಲಿ ಎಂದು ನಾನು ಬರೆದದ್ದು ನೀರನ್ನು ಇನ್ನೂ ಬೇಗ ಎಳೆಯುವ ಹಾಗೆ ಮಾಡಿತು.

ಆ ಮನೆಯವರು ತಪ್ಪು ಮಾಡಲಿಲ್ಲ. ನಾನು ಅಪಾಯ ಮಾತ್ರ ತೋರಿಸಿ ದಾರಿ ತೋರಿಸದೆ ಬಿಟ್ಟೆ. ದಾರಿ ಕಾಣದ ಮನುಷ್ಯ ಎರಡರಲ್ಲಿ ಒಂದು ಮಾಡುತ್ತಾನೆ. ತನ್ನ ಮನೆ ಮಾತ್ರ ಉಳಿಸಿಕೊಳ್ಳಲು ಓಡುತ್ತಾನೆ, ಇಲ್ಲದಿದ್ದರೆ ನಿಮ್ಮ ಓದುಗರ ಹಾಗೆ ‘ಎಲ್ಲ ಮುಗೀತಲ್ಲ’ ಅಂತ ಕೈಚೆಲ್ಲುತ್ತಾನೆ. ಇದರ ಬಗ್ಗೆ ಸಂಶೋಧನೆ ಮಾಡಿದವರೂ ಇದನ್ನೇ ಕಂಡಿದ್ದಾರೆ: ಹೆದರಿಕೆ ಗಮನ ಸೆಳೆಯುತ್ತದೆ, ಆದರೆ ‘ನನ್ನಿಂದ ಏನಾದರೂ ಆಗುತ್ತದೆ’ ಎಂಬ ಧೈರ್ಯ ಜೊತೆಗೆ ಇಲ್ಲದಿದ್ದರೆ ಜನ ಮುಖ ತಿರುಗಿಸುತ್ತಾರೆ. ಆದ್ದರಿಂದ ನಿಮ್ಮ ಪ್ರಶ್ನೆಗೆ ನೇರ ಉತ್ತರ ಇಷ್ಟು. ಇರುವ ಅಪಾಯವನ್ನು ಮೆತ್ತಗೆ ಮಾಡಬೇಡಿ, ಅದು ಮೋಸ. ಉಪ್ಪಳದ ಮುಸೋಡಿಯಲ್ಲಿ ಕಡಲು ಮನೆಗಳನ್ನು ನುಂಗುತ್ತಿರುವುದನ್ನು ಹಾಗೆಯೇ ಬರೆಯಬೇಕು. ಆದರೆ ಅಪಾಯ ಹೇಳಿದ ಪುಟದಲ್ಲೇ ಮಾಡಬಹುದಾದ ಒಂದು ಕೆಲಸವೂ ಇರಲಿ, ಅದೂ ನಾಲ್ಕು ಮನೆ ಸೇರಿ ಮಾಡುವ ಕೆಲಸವಾಗಿರಲಿ.

ಬರವಣಿಗೆಯಿಂದ ಏನಾಗುತ್ತದೆ ಎಂದು ನಿಮಗೆ ಸಂಶಯ ಬಂದಾಗ ದೂರ ಹೋಗಬೇಕಾಗಿಲ್ಲ, ಎಣ್ಮಕಜೆ ನಿಮ್ಮ ಪಕ್ಕದ ಪಂಚಾಯತು. 1970ರ ದಶಕದ ಕೊನೆಯಿಂದ ಅಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುತ್ತಿದ್ದರು. 1980ರ ಆಸುಪಾಸಿನಲ್ಲಿ ಪಡ್ರೆಯಲ್ಲಿ ಕಾಲು ಸೊಟ್ಟಗಾದ ಕರುಗಳು ಹುಟ್ಟಿದ್ದನ್ನು ಅದೇ ಊರಿನ ಕೃಷಿಕ-ಪತ್ರಕರ್ತ ಶ್ರೀ ಪಡ್ರೆಯವರು ಬರೆದರು. ವಾಣಿನಗರದ ವೈದ್ಯ ಡಾ. ಮೋಹನ ಕುಮಾರ್ ತಮ್ಮಲ್ಲಿಗೆ ಬರುತ್ತಿದ್ದ ರೋಗಿಗಳಲ್ಲಿ ಕಂಡದ್ದನ್ನು ಹೊರಜಗತ್ತಿಗೆ ತಿಳಿಸಿದರು. ವಿಷಶಾಸ್ತ್ರದ ಪಾಠದಿಂದ ಶುರುವಾಗಿದ್ದರೆ ಯಾರು ಓದುತ್ತಿದ್ದರು? ಹಟ್ಟಿಯಲ್ಲಿ ಹುಟ್ಟಿದ ಒಂದು ಕರು ಹೇಗಿರಬೇಕು ಎಂದು ಎಲ್ಲರಿಗೂ ಗೊತ್ತು. ಹಾಗಾಗಿ ಅದು ಹಾಗಿಲ್ಲ ಎಂದಾಗ ಎಲ್ಲರಿಗೂ ನಾಟಿತು. ಆದರೂ ಸಿಂಪಡಣೆ ನಿಲ್ಲಲು 2000ನೇ ಇಸವಿ ಬರಬೇಕಾಯಿತು, ಸುಪ್ರೀಂ ಕೋರ್ಟಿನ ನಿಷೇಧಕ್ಕೆ 2011. ಒಂದು ವರ್ಷ ಬರೆದು ಯಾರೂ ಓದಲಿಲ್ಲ ಎಂದು ಬೇಸರಪಡುವ ನಿಮಗೆ ಈ ಲೆಕ್ಕ ಗೊತ್ತಿರಲಿ.

ಆದರೆ ಆ ದಾರಿಯನ್ನು ಹಾಗೇ ನಕಲು ಮಾಡಲು ಬರುವುದಿಲ್ಲ. ಅಲ್ಲಿ ಹೆಲಿಕಾಪ್ಟರ್ ಕಣ್ಣಿಗೆ ಕಾಣುತ್ತಿತ್ತು, ಯಾರನ್ನು ಕೇಳಬೇಕು ಎಂದು ಗೊತ್ತಿತ್ತು. ಬಿಸಿಯಾಗುವ ಭೂಮಿಗೆ ಹೆಲಿಕಾಪ್ಟರ್ ಇಲ್ಲ. ಎಲ್ಲೋ ಉರಿಯುವ ಕಲ್ಲಿದ್ದಲು, ಎಣ್ಣೆ, ಅದರಲ್ಲಿ ನಮ್ಮ ಸ್ಕೂಟರಿನದೂ ಒಂದು ಚೂರು. ಇನ್ನೊಂದು ಎಚ್ಚರಿಕೆ. ಎಂಡೋಸಲ್ಫಾನ್ ಸುದ್ದಿಯಾದ ಮೇಲೆ ಕಾಯಿಲೆಯ ಮಕ್ಕಳಿರುವ ಮನೆಗಳ ಅಂಗಳಕ್ಕೆ ಕ್ಯಾಮೆರಾಗಳು ಬಂದವು, ಮತ್ತೆ ಮತ್ತೆ ಬಂದವು. ಒಬ್ಬ ತಾಯಿ ನನ್ನಲ್ಲಿ, ‘ಫೋಟೋ ತೆಗೆದವರು ಯಾರೂ ಮತ್ತೆ ಬರಲಿಲ್ಲ’ ಅಂದದ್ದು ಇವತ್ತಿಗೂ ಕಿವಿಯಲ್ಲಿದೆ. ಒಬ್ಬರ ಕತೆ ಬರೆದರೆ ಓದುಗರಿಗೆ ತಟ್ಟುತ್ತದೆ ನಿಜ. ಅಂಥ ಬರಹ ಪ್ರಕಟವಾದ ಮೇಲೆ ಒಂದು ಪ್ರತಿ ಹಿಡಿದು ಆ ಮನೆಗೆ ಹೋಗಿ ಬನ್ನಿ.

ಹಾಗಾದರೆ ನಮ್ಮಲ್ಲಿ ಆ ಕರುವಿನ ಜಾಗದಲ್ಲಿ ಏನಿದೆ? ನನ್ನ ಪ್ರಕಾರ ಅಡಿಕೆಗೆ ಮದ್ದು ಬಿಡುವ ದಿನ. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು-ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಗೊನೆ ಒಣಗಿರಬೇಕು, ಬಿಟ್ಟ ಮದ್ದು ಅಂಟಿಕೊಳ್ಳಲು ಮಳೆ ಕೆಲವು ಗಂಟೆ ಬಿಡುವು ಕೊಡಬೇಕು, ಅದೇ ದಿನ ಮರ ಹತ್ತುವವರೂ ಸಿಗಬೇಕು. ಇದೆಲ್ಲ ಕೂಡಿಬರದಿದ್ದರೆ ಕಾಯಿ ಕೊಳೆತು ಉದುರುವ ಕೊಳೆರೋಗ. 2025ರಲ್ಲಿ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂತು, ವಾಡಿಕೆಗಿಂತ ಒಂದು ವಾರ ಮೊದಲು. ಮೇ ಕೊನೆಯ ವಾರ ಬರುವ ತುಳುವರ ಪತ್ತನಾಜೆಯ ಹೊತ್ತಿಗೇ ಮಳೆಗಾಲ. ಮೊದಲ ಮದ್ದು ಆಗದೆ ಉಳಿದ ತೋಟಗಳ ಮಾತು ನಿಮ್ಮ ಕಿವಿಗೂ ಬಿದ್ದಿರಬೇಕು.

ನೀವು ಪತ್ರದ ಜೊತೆ ಕಳಿಸಿದ ಸಂಚಿಕೆಗಳಲ್ಲಿ ಮೂರನೆಯದರ ಲೇಖನ ಹೀಗೆ ಶುರುವಾಗಿದೆ: ‘ಜಾಗತಿಕ ತಾಪಮಾನ ಏರಿಕೆಯು ಇಂದು ಮನುಕುಲಕ್ಕೆ ಕಂಟಕಪ್ರಾಯವಾಗಿ ಪರಿಣಮಿಸಿದೆ.’ ಅದರ ಬದಲು ‘ಈ ಸಲ ಮೈಲುತುತ್ತು ತಂದಿಟ್ಟ ಚೀಲ ಬಿಚ್ಚುವ ಮೊದಲೇ ಮಳೆ ಹಿಡಿಯಿತು’ ಎಂದು ಶುರು ಮಾಡಿ ನೋಡಿ. ಓದುಗರು ತಮ್ಮ ತೋಟದಲ್ಲೇ ನಿಂತು ಎರಡನೇ ವಾಕ್ಯ ಓದುತ್ತಾರೆ. ಆಮೇಲೆ ನಿಧಾನಕ್ಕೆ ಕಾರಣ ಹೇಳಿ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಜಾಸ್ತಿ ನೀರಿನ ಆವಿ ಹಿಡಿದಿಡಬಲ್ಲದು. ಹಾಗಾಗಿ ಸುರಿಯುವಾಗ ಒಮ್ಮೆಲೇ ಸುರಿಯುತ್ತದೆ. ವರ್ಷದ ಒಟ್ಟು ಮಳೆ ಹೆಚ್ಚುಕಮ್ಮಿ ಅಷ್ಟೇ ಇದ್ದರೂ ಅದು ಕೆಲವೇ ದಿನಗಳಲ್ಲಿ ಬಂದು ಹೋಗಬಹುದು. ಹಾಗೆ ಬಂದ ಮಳೆ ಗುಡ್ಡದೊಳಗೆ ಇಂಗುವುದಿಲ್ಲ, ತೋಡಿಗೆ ಹೋಗಿ ಕಡಲು ಸೇರುತ್ತದೆ. ಫೆಬ್ರವರಿಯಲ್ಲಿ ಸುರಂಗ ಬತ್ತುತ್ತದೆ. ಅಪ್ಪ ಹೇಳುವ ‘ಮಳೆ ಯಾವಾಗ್ಲೂ ಹೀಗೇ’ ಎಂಬ ಮಾತು ಒಟ್ಟು ಮಳೆಯ ಮಟ್ಟಿಗೆ ಸರಿಯಿದ್ದೂ ತೋಟಕ್ಕೆ ನೀರು ಸಾಲದೆ ಹೋಗುವುದು ಹೀಗೆ. ಸರಕಾರ ಕೊಡುವ ಮಳೆಯ ಅಲರ್ಟ್ ವಿಷಯವನ್ನೂ ಹೀಗೇ ಬರೆಯಬಹುದು. ರೆಡ್ ಅಲರ್ಟ್ ಅಂದರೆ ಮಕ್ಕಳಿಗೆ ಗೊತ್ತಿರುವುದು ಶಾಲೆಗೆ ರಜೆ ಎಂದು. ಅದರ ಅರ್ಥ 24 ಗಂಟೆಯಲ್ಲಿ 204.4 ಮಿಲಿಮೀಟರಿಗಿಂತ ಜಾಸ್ತಿ ಮಳೆಯ ಸಾಧ್ಯತೆ. ನೂರು ಚದರ ಮೀಟರಿನ ಒಂದು ಮಾಡಿನ ಮೇಲೆ ಅಷ್ಟು ಬಿದ್ದರೆ ಇಪ್ಪತ್ತು ಸಾವಿರ ಲೀಟರ್ ನೀರು. ಈ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಿ.

ಈಗ ಜಾಗ್ರತೆ ಬೇಕಾದ ಜಾಗ. ಬೇಗ ಬಂದ ಒಂದು ಮುಂಗಾರಿನಿಂದ ಏನೂ ಸಾಬೀತಾಗುವುದಿಲ್ಲ. 2009ರಲ್ಲೂ ಮೇ 23ಕ್ಕೇ ಬಂದಿತ್ತು. 2023ರಲ್ಲಿ ಜೂನ್ 8ಕ್ಕೆ ಬಂತು. ಆ ವರ್ಷದ ಆಗಸ್ಟ್ ದೇಶದಲ್ಲಿ 1901ರಿಂದ ಈಚೆಗೆ ಅತಿ ಕಡಿಮೆ ಮಳೆಯ ಆಗಸ್ಟ್, ಅದರಲ್ಲಿ ಪೆಸಿಫಿಕ್ ಕಡಲು ಬಿಸಿಯಾಗಿ ನಮ್ಮ ಮಳೆಯನ್ನು ಕಮ್ಮಿ ಮಾಡುವ ಎಲ್ ನಿನೋ ಪಾಲೂ ಇತ್ತು. ಸಿಕ್ಕಿದ್ದಕ್ಕೆಲ್ಲ ಹವಾಮಾನ ಬದಲಾವಣೆಯ ಚೀಟಿ ಅಂಟಿಸುವ ಚಾಳಿ ನಮ್ಮ ಬರಹಗಾರರಲ್ಲಿ ಈಗ ಬಹಳ ಕಾಣುತ್ತದೆ. ಇದರಿಂದ ಎರಡು ನಷ್ಟ. ಒಂದು, ಅನುಭವಸ್ಥ ಕೃಷಿಕ ಒಂದು ತಪ್ಪು ಹಿಡಿದರೆ ಉಳಿದ ಸತ್ಯವನ್ನೂ ಬಿಡುತ್ತಾನೆ. ಇನ್ನೊಂದು, ಗುಡ್ಡವನ್ನು ನೆಟ್ಟಗೆ ಕಡಿದವರು, ತೋಡು ಮುಚ್ಚಿದವರು ‘ಎಲ್ಲ ಹವಾಮಾನ ಬದಲಾವಣೆ’ ಅಂತ ಕೈ ತೊಳೆದುಕೊಳ್ಳುತ್ತಾರೆ. 2024ರ ಜುಲೈ 30ರ ವಯನಾಡಿನ ಭೂಕುಸಿತ ನೋಡಿ. ವಿಜ್ಞಾನಿಗಳ ತಂಡವೊಂದು ಲೆಕ್ಕ ಹಾಕಿ, ಭೂಮಿ ಬಿಸಿಯಾದ ಕಾರಣ ಆ ದಿನದ ಮಳೆ ಸುಮಾರು ಶೇ. 10ರಷ್ಟು ಜಾಸ್ತಿಯಾಯಿತು ಎಂದಿತು. ಇಡೀ ಮಳೆ ಅದರಿಂದ ಬಂತು ಎಂದು ಅವರು ಹೇಳಲಿಲ್ಲ. ಬರೆಯುವಾಗ ನಾವೂ ಆ ಅಳತೆ ಮೀರಬಾರದು. ಗಟ್ಟಿಯಾಗಿ ಹೇಳಬಹುದಾದದ್ದು ಬೇಕಾದಷ್ಟಿದೆ. ನಮ್ಮ ಅರಬ್ಬೀ ಕಡಲು ಬಿಸಿಯಾಗಿದೆ. 1982ರಿಂದ 2000ದವರೆಗಿನ ಕಾಲಕ್ಕೆ ಹೋಲಿಸಿದರೆ 2001ರಿಂದ 2019ರವರೆಗೆ ಅದರಲ್ಲಿ ಎದ್ದ ಚಂಡಮಾರುತಗಳು ಶೇ. 52ರಷ್ಟು ಹೆಚ್ಚು.

ಓಝೋನ್ ತೂತಿನಿಂದ ಭೂಮಿ ಬಿಸಿಯಾಗುತ್ತಿದೆ ಎಂದು ನೀವು ಒಂದು ಕಡೆ ಬರೆದಿದ್ದೀರಿ, ತಿದ್ದಿ. ಅವೆರಡೂ ಬೇರೆ ಬೇರೆ. ಓಝೋನ್ ಪದರವನ್ನು ಹಾಳು ಮಾಡುವ ಅನಿಲಗಳಿಗೆ 1987ರ ಮಾಂಟ್ರಿಯಲ್ ಒಪ್ಪಂದದಿಂದ ಕಡಿವಾಣ ಬಿತ್ತು, ಪದರ ಚೇತರಿಸಿಕೊಳ್ಳುತ್ತಿದೆ. ದೇಶಗಳು ಕೂಡಿ ನಿಂತರೆ ಆಗುತ್ತದೆ ಎನ್ನಲು ಇದೇ ಒಳ್ಳೆಯ ಉದಾಹರಣೆ. ತಿದ್ದುಪಡಿಯನ್ನೇ ಒಂದು ಲೇಖನ ಮಾಡಬಹುದು. ಮರ ನೆಟ್ಟರೆ ಸಾಕು ಎನ್ನುವವರಿಗೆ, ಮರ ನೆಡುವುದು ಒಳ್ಳೆಯದು, ಆದರೆ ಕಲ್ಲಿದ್ದಲು ಉರಿಯುತ್ತಲೇ ಇದ್ದರೆ ಅದಷ್ಟರಿಂದ ಆಗುವುದಿಲ್ಲ ಎಂದರೆ ಮುಗಿಯಿತು.

ಶ್ರೀಮಂತ ದೇಶಗಳ ಹುನ್ನಾರ ಎನ್ನುವವರ ಜೊತೆ ಜಗಳ ಬೇಡ. ಅವರ ಮಾತಿನ ಅರ್ಧ ನ್ಯಾಯವಾದದ್ದು. ಒಬ್ಬ ಅಮೆರಿಕನ್ನನ ಲೆಕ್ಕಕ್ಕೆ ವರ್ಷಕ್ಕೆ ಸುಮಾರು 14 ಟನ್ ಕಾರ್ಬನ್ ಡೈಆಕ್ಸೈಡ್ ಬಂದರೆ, ಒಬ್ಬ ಭಾರತೀಯನ ಲೆಕ್ಕಕ್ಕೆ ಸುಮಾರು 2 ಟನ್. ಮೊದಲು ಇದನ್ನು ಒಪ್ಪಿಕೊಳ್ಳಿ. ಆಮೇಲೆ, ಯಾರ ಪಾಲು ಎಷ್ಟೆಂದು ಇತ್ಯರ್ಥವಾಗುವವರೆಗೆ ಮುಸೋಡಿಯ ಕಡಲು ಕಾಯುತ್ತದಾ ಎಂದು ಕೇಳಿ. ಬಡ ಓದುಗನಿಗೆ ಗ್ಯಾಸು, ಸ್ಕೂಟರಿನ ಬಗ್ಗೆ ತಪ್ಪಿತಸ್ಥ ಭಾವನೆ ಹುಟ್ಟಿಸುವ ಬರಹ ನನಗೆ ಸೇರುವುದಿಲ್ಲ. ನಮ್ಮ ಜಿಲ್ಲೆಯ ಅಂಬಲತ್ತರದಲ್ಲಿ ಸೋಲಾರ್ ಪಾರ್ಕ್ ಬಂದಿದೆ. ವಾಚನಾಲಯದ ಮಾಡಿಗೆ, ಶಾಲೆಯ ಮಾಡಿಗೆ ಸೋಲಾರ್ ಯಾವಾಗ ಎಂದು ಪಂಚಾಯತಿನಲ್ಲಿ ಕೇಳುವಂತೆ ಬರೆಯುವುದು ಅದಕ್ಕಿಂತ ಮೇಲು.

ಇನ್ನೊಂದು ವಿಷಯ ನಿಮಗೆ ಧೈರ್ಯ ಕೊಡಬಹುದು. 125 ದೇಶಗಳಲ್ಲಿ ಸುಮಾರು 1,30,000 ಜನರನ್ನು ಕೇಳಿ ಮಾಡಿದ ಒಂದು ಸಮೀಕ್ಷೆ 2024ರಲ್ಲಿ ಪ್ರಕಟವಾಯಿತು. ತಿಂಗಳ ಆದಾಯದ ಶೇ. 1ರಷ್ಟನ್ನು ಭೂಮಿ ಬಿಸಿಯಾಗುವುದನ್ನು ತಡೆಯುವ ಕೆಲಸಕ್ಕೆ ಕೊಡಲು ತಯಾರು ಎಂದವರು ಶೇ. 69. ಆದರೆ ‘ನಿಮ್ಮ ದೇಶದಲ್ಲಿ ಎಷ್ಟು ಜನ ಕೊಡಬಹುದು’ ಎಂದು ಕೇಳಿದಾಗ ಅದೇ ಜನ ಅಂದಾಜಿಸಿದ್ದು ಶೇ. 43. ಪಕ್ಕದ ಮನೆಯವರಿಗೆ ಚಿಂತೆಯೇ ಇಲ್ಲ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ, ಹಾಗಾಗಿ ಯಾರೂ ಬಾಯಿ ಬಿಡುವುದಿಲ್ಲ. ಈ ಮೌನ ಒಡೆಯಲು ನಾಲ್ಕು ಪುಟದ ಊರ ಪತ್ರಿಕೆಗಿಂತ ಒಳ್ಳೆಯದು ಯಾವುದೂ ಇಲ್ಲ. ಇಂಥ ಮನೆಯವರು ಬತ್ತಿದ ಸುರಂಗದ ಮಣ್ಣು ತೆಗೆಸಿದರು, ಇಂಥ ಬಯಲಿನವರು ಡಿಸೆಂಬರಿನಲ್ಲಿ ಸೇರಿ ತೋಡಿಗೆ ನೀರು ತಡೆದು ನಿಲ್ಲಿಸುವ ಕಟ್ಟ ಕಟ್ಟಿದರು ಎಂದು ಒಪ್ಪಿಗೆ ಪಡೆದು ಬರೆಯಿರಿ. ಇದರಲ್ಲೂ ಒಂದು ಅಪಾಯವಿದೆ. ಬರೀ ಕಟ್ಟದ ಕತೆಗಳೇ ಬಂದರೆ, ಕಟ್ಟ ಕಟ್ಟಿದರೆ ಎಲ್ಲ ಸರಿಹೋಗುತ್ತದೆ ಎಂಬ ಭಾವನೆ ಬರುತ್ತದೆ. ಕಟ್ಟ ನಮ್ಮ ಬಾವಿಯನ್ನು ಕಾಯುತ್ತದೆ, ಭೂಮಿ ಬಿಸಿಯಾಗುವುದನ್ನು ನಿಲ್ಲಿಸುವುದಿಲ್ಲ. ಮೂರು ಕತೆಗೊಮ್ಮೆಯಾದರೂ ಅದನ್ನು ಹೇಳಿ.

ಈಗ ಅಪ್ಪನ ಕ್ಯಾಲೆಂಡರ್. 1989ರಿಂದ ಎಂದರೆ ಮೂವತ್ತು ವರ್ಷ ದಾಟಿತು. ಒಂದು ಊರಿನ ವಾಯುಗುಣ ಹೇಳಲು ವಿಜ್ಞಾನಿಗಳು ಕೇಳುವುದೂ ಮೂವತ್ತು ವರ್ಷದ ಲೆಕ್ಕವನ್ನೇ. ಅಂಥದ್ದು ನಿಮ್ಮ ಮನೆಯ ಗೋಡೆಯಲ್ಲೋ ಅಟ್ಟದಲ್ಲೋ ಇದೆ! ಅವರನ್ನು ನಂಬಿಸಲು ಹೋಗಬೇಡಿ, ಲೆಕ್ಕ ತೆಗೆಯಲು ಸಹಾಯ ಕೇಳಿ. ಒಂದು ಭಾನುವಾರ ಇಬ್ಬರೂ ಕೂತು ಮೂರೇ ವಿಷಯ ಪಟ್ಟಿ ಮಾಡಿ: ಪ್ರತಿ ವರ್ಷ ಮೊದಲ ಮದ್ದು ಬಿಟ್ಟ ದಿನ, ಎರಡನೆಯದು ಬಿಟ್ಟ ದಿನ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಾರದ ದಿನಗಳು. ಮೊದಲ ಹದಿನೈದು ವರ್ಷ ಒಂದು ಕಡೆ, ಕೊನೆಯ ಹದಿನೈದು ಇನ್ನೊಂದು ಕಡೆ ಇಟ್ಟು ನೋಡಿ. ಅವರ ಅಕ್ಷರದಲ್ಲೇ ಇರುವ ಎರಡು ಪುಟಗಳ ಫೋಟೋ ಹಾಕಿ, ಲೇಖನಕ್ಕೆ ಅವರ ಹೆಸರನ್ನೂ ಹಾಕಿ. ಬದಲಾವಣೆ ಕಂಡರೆ ಅದಕ್ಕೆ ಕಾರಣ ಏನಿರಬಹುದೆಂದು ಅಪ್ಪನ ಮಾತಿನಲ್ಲೇ ಬರೆಯಿರಿ. ಕಾಣದಿದ್ದರೆ ‘ನಮ್ಮ ತೋಟದ ಲೆಕ್ಕದಲ್ಲಿ ಕಾಣಲಿಲ್ಲ’ ಎಂದೇ ಅಚ್ಚು ಹಾಕಿ, ಇನ್ನೂ ನಾಲ್ಕು ಮನೆಯ ಕ್ಯಾಲೆಂಡರ್ ಕೇಳಿ. ಮಳೆ ಬರೆದಿಡುವ ಕೃಷಿಕರು ನಮ್ಮ ಕಡೆ ಕಡಿಮೆಯೇನಿಲ್ಲ.

ಶಾಲೆಯಲ್ಲೂ ಒಂದು ಮಳೆಮಾಪಕ ಇಡಿ. ಮಾಡಿನ ನೀರು, ಮರದ ಹನಿ ಬೀಳದ ಜಾಗ ನೋಡಿ. ಹವಾಮಾನ ಇಲಾಖೆಯ ಹಾಗೆ ಬೆಳಿಗ್ಗೆ ಎಂಟೂವರೆಗೆ ಅಳೆಯಿರಿ, ರಜೆಯ ದಿನವೂ ತಪ್ಪಿಸಬೇಡಿ. ರಜೆಯಲ್ಲಿ ಅಳೆಯಲು ಶಾಲೆಗೆ ಹತ್ತಿರದ ಮನೆಯ ಮಕ್ಕಳನ್ನು ಈಗಲೇ ಒಪ್ಪಿಸಿಡಿ.